ಬೆರಕೆ ಮಾತಿನಲ್ಲಿ ಮನೆಮಾತಿಗೆ ಯಾವ ಕೆಲಸ? ಜಾಲತಾಣ ಮತ್ತು ಉತ್ತರ ಕನ್ನಡದ ಯುವಜನ

(ಶಿರಸಿಯಲ್ಲಿ ಪದವಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಪಾಲಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ, ವಿದ್ಯಾರ್ಥಿ ಮಿತ್ರರೇ,

ಈ ವಿಷಯದ ಮೇಲೆ ಮಾತಾಡಬೇಕೆಂದು ನನ್ನನ್ನು ಕೇಳಿಕೊಂಡವರ ಮನಸ್ಸಿನಲ್ಲಿ ಒಂದು ಆತಂಕವಿತ್ತು. ವಾಟ್ಸ್‌ಆಪ್‌ನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ನಮ್ಮ ಮಕ್ಕಳು ಬರೆಯುವ ಮಾತು ಅತ್ತ ಕನ್ನಡವೂ ಆಗದ ಇತ್ತ ಇಂಗ್ಲಿಷೂ ಆಗದ ಬೆರಕೆಯಾಗಿದೆ, ಲಿಪಿಯೂ ನಮ್ಮದಾಗಿ ಉಳಿದಿಲ್ಲ, ಹೀಗೆಯೇ ಇನ್ನೊಂದು ತಲೆಮಾರು ಕಳೆದರೆ ಇವರು ತಮ್ಮನ್ನು ಯಾವ ನೆಲದವರೆಂದು ಹೇಳಿಕೊಳ್ಳುತ್ತಾರೆ ಎಂಬ ಆತಂಕ ಅದು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಕ್ಕಳ ಮಾತಿನ ಬಗ್ಗೆ ಹಿರಿಯರಿಗೆ ಚಿಂತೆಯಿಲ್ಲದ ಊರಿನಲ್ಲಿ ಭಾಷೆಯ ಬಗ್ಗೆ ಪ್ರೀತಿಯೂ ಇರುವುದಿಲ್ಲ. ಆದರೆ ಚಿಂತೆ ಎಲ್ಲಿ ನೆಲೆಸಬೇಕೋ ಅಲ್ಲಿ ನೆಲೆಸಿದೆಯೇ ಎಂಬುದನ್ನು ನೋಡಬೇಕಾಗಿದೆ. ಎರಡು ಭಾಷೆಗಳು ಬೆರೆತ ಮಾತ್ರಕ್ಕೆ ಯಾವುದೂ ಸಾಯುವುದಿಲ್ಲ ಎಂದು ನಾನು ನಂಬಿದ್ದೇನೆ. ಬೆರೆಯುವಾಗ ಯಾವ ಭಾಷೆಗೆ ಯಾವ ಕೆಲಸ ಪಾಲಿಗೆ ಬಂತು, ನಗಿಸುವ ಕೆಲಸ ಯಾವುದಕ್ಕೆ, ನೋವು ಹೇಳುವ ಕೆಲಸ ಯಾವುದಕ್ಕೆ, ಲೆಕ್ಕ ಕೇಳುವ ಕೆಲಸ ಯಾವುದಕ್ಕೆ ಎಂಬುದರ ಮೇಲೆ ಅದರ ಮುಂದಿನ ಆಯುಷ್ಯ ನಿಂತಿರುತ್ತದೆ.

ಜುಲೈ ತಿಂಗಳ ಒಂದು ರಾತ್ರಿಯ ಸಂದೇಶವನ್ನು ನೋಡೋಣ. ಘಟ್ಟದ ಮೇಲೂ ಕರಾವಳಿಯಲ್ಲೂ ಮಳೆ ಬಿಡದೆ ಹೊಡೆಯುತ್ತಿರುವಾಗ ನಾಳೆ ಶಾಲೆ ಕಾಲೇಜುಗಳಿಗೆ ರಜೆ ಉಂಟೋ ಇಲ್ಲವೋ ಎಂಬುದು ಈ ಜಿಲ್ಲೆಯ ಪ್ರತಿ ವಿದ್ಯಾರ್ಥಿ ಗುಂಪಿನ ಪ್ರಶ್ನೆಯಾಗಿರುತ್ತದೆ. ಜಿಲ್ಲಾಧಿಕಾರಿಗಳ ಆದೇಶದ ಪ್ರತಿ ಮೊಬೈಲಿಗೆ ಬರುತ್ತದೆ. ‘ಭಾರಿ ಮಳೆಯಾಗುತ್ತಿರುವ ಹಿನ್ನೆಲೆಯಲ್ಲಿ ಮುಂಜಾಗ್ರತಾ ಕ್ರಮವಾಗಿ’ ಎಂಬ ಮಾದರಿಯ ಕಚೇರಿ ಕನ್ನಡ ಅದರಲ್ಲಿರುತ್ತದೆ. ಅದನ್ನು ಓದಿದ ಶಿರಸಿ ಕಡೆಯ ಹುಡುಗಿ ತನ್ನ ಗೆಳತಿಗೆ ಹೀಗೆ ಬರೆಯುತ್ತಾಳೆ: ‘ನಾಳೆ ಲೀವ್ ಡಿಕ್ಲೇರ್ ಆಜಡ, ಡಿಸಿ ಆರ್ಡರ್ ಗ್ರೂಪಿಗೆ ಬೈಂದು, ಚೆಕ್ ಮಾಡು.’ ಅವಳು ಅದನ್ನು ಬರೆದದ್ದು ರೋಮನ್ ಅಕ್ಷರಗಳಲ್ಲಿ. ನಾನಿಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಮೇಲ್ನೋಟಕ್ಕೆ ಈ ವಾಕ್ಯದಲ್ಲಿ ಇಂಗ್ಲಿಷೇ ತುಂಬಿದಂತೆ ಕಾಣುತ್ತದೆ. ಲೀವ್, ಡಿಕ್ಲೇರ್, ಆರ್ಡರ್, ಗ್ರೂಪ್, ಚೆಕ್ ಎಲ್ಲವೂ ಹೊರಗಿನಿಂದ ಬಂದವು. ಆದರೆ ವಾಕ್ಯವನ್ನು ನಡೆಸುತ್ತಿರುವವರು ಯಾರೆಂದು ಕೇಳಿದರೆ ಉತ್ತರ ಬೇರೆಯೇ ಆಗುತ್ತದೆ. ‘ಆಜು’ (ಆಗಿದೆ), ‘ಬೈಂದು’ (ಬಂದಿದೆ), ‘ಮಾಡು’ ಎಂಬ ಕ್ರಿಯಾಪದಗಳು ಇಲ್ಲಿಯ ಹವ್ಯಕ ಸಮುದಾಯದ ಮನೆಮಾತಾದ ಹವ್ಯಕ ಕನ್ನಡದವು. ಗ್ರೂಪ್ ಎಂಬ ಪದ ನಮ್ಮ ವಿಭಕ್ತಿ ಪ್ರತ್ಯಯವನ್ನು ತೊಟ್ಟು ‘ಗ್ರೂಪಿಗೆ’ ಆಗಿದೆ. ಎಲ್ಲಕ್ಕಿಂತ ಮಿಗಿಲಾಗಿ ‘ಆಜಡ’ ಎಂಬಲ್ಲಿರುವ ಆ ‘ಅಡ’ ಇದೆ. ತಾನು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂಬ ಭೇದವನ್ನು ಹವ್ಯಕ ಮಾತು ಕ್ರಿಯಾಪದದ ತುದಿಯಲ್ಲಿಯೇ ಇಟ್ಟುಕೊಂಡಿದೆ. ಶಿಷ್ಟ ಕನ್ನಡದಲ್ಲಿ ‘ಆಗಿದೆಯಂತೆ’ ಎಂದಾಗ ಬರುವ ಅರ್ಥ ಅದು. ರಜೆಯ ಸುಳ್ಳು ಆದೇಶಗಳೂ ಹರಿದಾಡುವ ಕಾಲದಲ್ಲಿ ಆ ಹುಡುಗಿ ಸುದ್ದಿಯ ಹೊಣೆ ತನ್ನದಲ್ಲವೆಂದು ಒಂದೇ ಅಕ್ಷರದಷ್ಟು ಜಾಗದಲ್ಲಿ ಹೇಳಿಬಿಟ್ಟಿದ್ದಾಳೆ, ಮತ್ತು ಆದೇಶವನ್ನು ನೀನೇ ನೋಡು ಎಂದು ಸೇರಿಸಿದ್ದಾಳೆ. ಅಷ್ಟು ಇಂಗ್ಲಿಷ್ ಪದಗಳನ್ನು ತಂದುಕೊಂಡವಳು ಈ ಸೂಕ್ಷ್ಮವನ್ನು ಬಿಟ್ಟುಕೊಟ್ಟಿಲ್ಲ. ಪದಕೋಶದಲ್ಲಿ ಹುಡುಕಿದರೆ ಅವಳ ಮನೆಮಾತು ಸಿಕ್ಕದು. ವ್ಯಾಕರಣದಲ್ಲಿ ಅದು ಗಟ್ಟಿಯಾಗಿ ಕೂತಿದೆ.

ಈ ರೋಮನ್ ಲಿಪಿ ಹೇಗೆ ಬಂತು ಎಂಬುದನ್ನೂ ಹೇಳಬೇಕು, ಏಕೆಂದರೆ ಅದನ್ನು ಹುಡುಗರ ಸೋಮಾರಿತನವೆಂದು ಬೈಯುವುದು ರೂಢಿಯಾಗಿದೆ. ಕಂಪ್ಯೂಟರಿನಲ್ಲಿ ಪ್ರತಿ ಭಾಷೆಯ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಲ್ಲಿಯೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿತ್ತು. 1998ರ ಹೊತ್ತಿಗೆ ಕಂಪ್ಯೂಟರಿನಲ್ಲಿ ಬರೆಯಲು ‘ಬರಹ’ ತಂತ್ರಾಂಶ ಬಂದಿತ್ತು. ಆದರೆ ನಮ್ಮ ಹಳ್ಳಿಗಳಿಗೆ ಮೊದಲು ಬಂದದ್ದು ಒತ್ತುಗುಂಡಿಯ ಮೊಬೈಲು. ಅದರ ಒಂದು ಎಸ್‌ಎಂಎಸ್‌ನಲ್ಲಿ ರೋಮನ್ ಅಕ್ಷರಗಳಾದರೆ 160 ಹಿಡಿಸುತ್ತಿದ್ದವು, ಕನ್ನಡದಂಥ ಲಿಪಿಯಾದರೆ 70 ಮಾತ್ರ. ಕಾಗುಣಿತ, ಒತ್ತಕ್ಷರಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ ಆ 70ರಲ್ಲಿ ಹೇಳಬಹುದಾದದ್ದು ಇನ್ನೂ ಕಡಿಮೆ. ಬಹಳ ಮೊಬೈಲುಗಳಲ್ಲಿ ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. ಸಂದೇಶಕ್ಕೆ ಇಷ್ಟು ಎಂದು ಹಣ ಕೊಡುತ್ತಿದ್ದ ಹುಡುಗ ರೋಮನ್ ಲಿಪಿಯನ್ನು ಆರಿಸಿಕೊಂಡದ್ದು ತನ್ನ ಕಿಸೆಯ ಲೆಕ್ಕ ನೋಡಿ. ಆಮೇಲೆ ಕನ್ನಡ ಕೀಲಿಮಣೆ ಕೈಗೆ ಬಂತು, 2016ರ ನಂತರ ಡೇಟಾ ಅಗ್ಗವಾಯಿತು, ಆದರೆ ಬೆರಳಿನ ರೂಢಿ ಉಳಿದುಕೊಂಡಿತು.

ರೂಢಿಯಿಂದ ನಷ್ಟವಿಲ್ಲ ಎಂದು ನಾನು ಹೇಳಲಾರೆ. ರೋಮನ್‌ನಲ್ಲಿ ಹಳ್ಳಿಗೂ ಹಲ್ಲಿಗೂ ಭೇದವಿಲ್ಲ, ಕಲೆಗೂ ಕಳೆಗೂ ಭೇದವಿಲ್ಲ. ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರು ಇಲ್ಲಿದ್ದೀರಿ. ಳ ಮತ್ತು ಲ, ಣ ಮತ್ತು ನ ಕಲಸಿಹೋಗುವುದನ್ನು ನೀವು ನನಗಿಂತ ಹೆಚ್ಚು ಕಂಡಿದ್ದೀರಿ. ಇದು ಕಲಿಸಿ ಸರಿಪಡಿಸಬಹುದಾದ ತೊಂದರೆ. ನಾನು ಮುಂದೆ ಹೇಳಲಿರುವ ತೊಂದರೆ ಅಷ್ಟು ಸುಲಭವಾಗಿ ಸರಿಹೋಗುವಂಥದ್ದಲ್ಲ.

ಅದಕ್ಕೆ ಮೊದಲು ಈ ಜಿಲ್ಲೆಯ ಸ್ವಭಾವವನ್ನು ನೆನೆಯಬೇಕು. ಬೆರಕೆ ಮಾತು ಇಲ್ಲಿಗೆ ಮೊಬೈಲಿನ ಜೊತೆ ಬಂದದ್ದಲ್ಲ. ಕಾರವಾರದಿಂದ ಹೊರಟು ಅಂಕೋಲಾ, ಕುಮಟಾ, ಹೊನ್ನಾವರ ದಾಟಿ ಭಟ್ಕಳಕ್ಕೆ ಬರುವಷ್ಟರಲ್ಲಿ ಕೊಂಕಣಿಯ ಹಲವು ಬಗೆಗಳು, ಹಾಲಕ್ಕಿ ಒಕ್ಕಲಿಗರ ಕನ್ನಡ, ನಾಮಧಾರಿಗಳ ಕನ್ನಡ, ಹವ್ಯಕರ ಕನ್ನಡ, ಕೊನೆಗೆ ನವಾಯತ ಮುಸ್ಲಿಮರ ನವಾಯತಿ ಎಂಬ ಕೊಂಕಣಿ ಕಿವಿಗೆ ಬೀಳುತ್ತವೆ. ಘಟ್ಟ ಹತ್ತಿ ಹಳಿಯಾಳ, ಜೊಯಿಡಾ ಕಡೆಗೆ ಹೋದರೆ ಮರಾಠಿ ಸೇರುತ್ತದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಗಳು ಕನ್ನಡ, ಮರಾಠಿಗಳು ಬೆರೆತ ಕೊಂಕಣಿಯನ್ನು ಆಡುತ್ತಾರೆ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ನೆಲೆಯಿದೆ. 1862ರಲ್ಲಿ ಈ ಜಿಲ್ಲೆ ಮದರಾಸಿನ ಆಡಳಿತದಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಆ ನಂಟು ಮುಂದುವರಿಯಿತು. ಮರಾಠಿ, ಕೊಂಕಣಿ, ಕನ್ನಡಗಳನ್ನು ಬೇರೆ ಬೇರೆ ಕಡೆ ಬಳಸಿ ನಡೆಸಿದ ತಲೆಮಾರುಗಳು ಇಲ್ಲಿ ಆಗಿಹೋಗಿವೆ. ನಾವು ದಿನವೂ ಆಡುವ ಬಟಾಟೆ, ಚಾವಿ, ಪಗಾರ ಪೋರ್ಚುಗೀಸರ ಕಡೆಯಿಂದ ಬಂದವು; ಅರ್ಜಿ, ಜಮೀನು ಪಾರಸಿ ಅರಬಿಗಳ ಕಡೆಯಿಂದ ಬಂದವು. ಇವುಗಳಿಂದ ಯಾರೂ ಪರಕೀಯರಾಗಲಿಲ್ಲ.

ಬೆರಕೆಯ ಬಗೆಗಿನ ಅಸಮಾಧಾನವೂ ಅಷ್ಟೇ ಹಳೆಯದು. 12ನೆಯ ಶತಮಾನದ ಕವಿ ನಯಸೇನ ಕನ್ನಡಕ್ಕೆ ಸಂಸ್ಕೃತವನ್ನು ತಂದು ಸೇರಿಸುವವರನ್ನು ಕಂಡು, ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕದ್ದೇ ಎಂದು ಕೇಳಿದ. ಕೇಳಿದವನ ಕಾವ್ಯದಲ್ಲಿಯೂ ಸಂಸ್ಕೃತ ಪದಗಳು ಧಾರಾಳವಾಗಿಯೇ ಇವೆ. ಅವನ ಸಿಟ್ಟನ್ನು ನಾನು ಗೌರವಿಸುತ್ತೇನೆ. ಕನ್ನಡದಲ್ಲಿಯೇ ಹೇಳಲು ಬರುವುದನ್ನು ಕನ್ನಡದಲ್ಲಿ ಹೇಳಲಾಗದವನು ಏಕೆ ಬರೆಯಬೇಕು ಎಂಬ ಪ್ರಶ್ನೆ ಅದರ ಒಳಗಿದೆ, ಮತ್ತು ಆ ಪ್ರಶ್ನೆ ಇಂದಿಗೂ ಸಲ್ಲುತ್ತದೆ.

ಭಾಷಾ ಸಂಪರ್ಕದ ಬಗ್ಗೆ ನಡೆದ ಎರಡು ಅಧ್ಯಯನಗಳು ನಮಗೆ ಇಲ್ಲಿ ದಾರಿ ತೋರಿಸುತ್ತವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಒಂದೇ ಊರಿನಲ್ಲಿ ಬಾಳುವ ಬಗೆಯನ್ನು ಪರಿಶೀಲಿಸಿ 1971ರಲ್ಲಿ ಪ್ರಕಟಿಸಿದರು. ಅಲ್ಲಿ ಮೂರೂ ಭಾಷೆಗಳ ವಾಕ್ಯದ ಅಚ್ಚು ಒಂದಕ್ಕೊಂದು ಎಷ್ಟು ಹತ್ತಿರ ಬಂದಿತ್ತೆಂದರೆ ಪದದ ಬದಲು ಪದವಿಟ್ಟು ಒಂದರಿಂದ ಇನ್ನೊಂದಕ್ಕೆ ದಾಟಬಹುದಾಗಿತ್ತು. ಇಷ್ಟು ಬೆರೆತ ಮೇಲೂ ಯಾವುದೂ ಇನ್ನೊಂದರಲ್ಲಿ ಕರಗಿಹೋಗಲಿಲ್ಲ, ಏಕೆಂದರೆ ಪ್ರತಿಯೊಂದು ಸಮುದಾಯವೂ ತನ್ನ ಮನೆಯೊಳಗೆ ತನ್ನದೇ ಮಾತನ್ನು ಇಟ್ಟುಕೊಂಡಿತ್ತು. 1975ರಲ್ಲಿ ಮಂಗೇಶ ನಾಡಕರ್ಣಿಯವರು ಕರ್ನಾಟಕದ ಸಾರಸ್ವತರ ಕೊಂಕಣಿಯನ್ನು ತೆಗೆದುಕೊಂಡು, ಅದರ ಸಂಬಂಧವಾಚಕ ವಾಕ್ಯಗಳು (‘ಯಾವುದು... ಅದು’ ಎಂಬ ಬಗೆಯವು) ಕನ್ನಡದ ರೀತಿಗೆ ಹೇಗೆ ತಿರುಗಿವೆ ಎಂದು ತೋರಿಸಿದರು. ಪದ ಸೇರುವುದಕ್ಕಿಂತ ಇದು ಎಷ್ಟೋ ಆಳದ ಬದಲಾವಣೆ. ಆದರೂ ಕರಾವಳಿಯ ಸಾರಸ್ವತರ ಮನೆಗಳಲ್ಲಿ ಕೊಂಕಣಿ ಉಳಿದು ಬಂತು. ಅಡುಗೆಮನೆಯಲ್ಲಿ, ಅಂಗಡಿಯ ಗಲ್ಲೆಯ ಹಿಂದೆ, ಮದುವೆ ಮುಂಜಿಯ ಮಾತುಕತೆಯಲ್ಲಿ ಅದಕ್ಕೆ ಕೆಲಸವಿತ್ತು.

ಕಾರವಾರದ ಕೊಂಕಣಿ ಹುಡುಗರ ವಿಷಯದಲ್ಲಿ ರೋಮನ್ ಲಿಪಿ ಇನ್ನೊಂದು ಕೆಲಸವನ್ನೂ ಮಾಡಿದೆ. 1987ರ ಕಾಯ್ದೆಯಂತೆ ಗೋವೆಯಲ್ಲಿ ದೇವನಾಗರಿಯ ಕೊಂಕಣಿ ಅಧಿಕೃತ. ಮಂಗಳೂರಿನ ಕಡೆ ಕನ್ನಡ ಲಿಪಿಯಲ್ಲಿ ಕೊಂಕಣಿ ಪತ್ರಿಕೆಗಳೂ ಪುಸ್ತಕಗಳೂ ಬಂದಿವೆ. ಗೋವೆಯ ಕ್ರೈಸ್ತರಲ್ಲಿ ರೋಮನ್ ಬರವಣಿಗೆಯ ಪರಂಪರೆ ಹಳೆಯದು. ಭಟ್ಕಳದ ನವಾಯತಿಯನ್ನಂತೂ ಅರಬಿ ಪಾರಸಿ ಲಿಪಿಯಲ್ಲಿ ಬರೆಯುತ್ತಾರೆ. ಬೆಳಿಗ್ಗೆ ಕಾಳಿ ನದಿ ದಾಟಿ ಗೋವೆಗೆ ಕೆಲಸಕ್ಕೆ ಹೋಗುವ ಹುಡುಗ ಅಲ್ಲಿಯ ಗೆಳೆಯನಿಗೂ ಮಂಗಳೂರಿನ ನೆಂಟನಿಗೂ ಒಂದೇ ಸಂದೇಶ ಕಳಿಸಬೇಕಾದರೆ ಎಲ್ಲರೂ ಓದಬಲ್ಲ ಲಿಪಿ ರೋಮನ್ ಒಂದೇ. ಲಿಪಿಯ ಗೋಡೆಗಳಿಂದ ಬೇರೆಯಾಗಿದ್ದ ಒಂದು ಭಾಷೆಯ ಜನ ಮೊಬೈಲಿನಲ್ಲಿ ಒಟ್ಟಿಗೆ ಕೂತಿದ್ದಾರೆ. ಇದನ್ನು ಕನ್ನಡದ ನಷ್ಟವೆಂದು ಬರೆದುಕೊಳ್ಳುವುದು ನ್ಯಾಯವಾಗದು.

ಜಾಲತಾಣದಿಂದ ನಮಗಾದ ಒಂದು ದೊಡ್ಡ ಲಾಭವನ್ನು ಈ ಸಭೆಯಲ್ಲಿ ಒತ್ತಿ ಹೇಳಲೇಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಮನೆಮಾತನ್ನು ಬರೆಯುವ ಪದ್ಧತಿಯೇ ಇರಲಿಲ್ಲ. ಆಡುವುದು ಒಂದು, ಬರೆಯುವುದು ಇನ್ನೊಂದು. ಊರಿನಿಂದ ಹೊರಗಿದ್ದ ಮಗ ಆಯಿಗೆ, ಅಂದರೆ ತಾಯಿಗೆ, ಬರೆಯುತ್ತಿದ್ದ ಕಾಗದ ಕೂಡ ‘ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬ ಪುಸ್ತಕದ ಕನ್ನಡದಲ್ಲಿರುತ್ತಿತ್ತು. ಈಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಸಿದ್ದಾಪುರದ ಮನೆಗೆ ಹವ್ಯಕದಲ್ಲಿಯೇ ಸಂದೇಶ ಬರೆಯುತ್ತಾನೆ. ಹೋಪದು, ಬಪ್ಪದು, ತಿಂಬದು ಎಂಬ ರೂಪಗಳು, ಹಳಗನ್ನಡ ಓದಿದವರಿಗೆ ಕೂಡಲೇ ಗುರುತು ಸಿಗುವ ರೂಪಗಳು, ಇವತ್ತು ಇಪ್ಪತ್ತರ ಹರೆಯದವರ ಪರದೆಯ ಮೇಲೆ ಲಿಖಿತವಾಗಿ ಓಡಾಡುತ್ತಿವೆ. ಹಾಗೆಯೇ, ಹೊರಗೆ ಹೋದಾಗ ಬಾಯಿ ತೆರೆದೊಡನೆ ‘ನೀವು ಮಂಗಳೂರಿನವರಾ’ ಎಂದು ಕೇಳಿಸಿಕೊಂಡ ಕುಮಟೆಯ, ಅಂಕೋಲೆಯ ಮಕ್ಕಳಿಗೆ ತಮ್ಮ ಮಾತು ಮಂಗಳೂರಿನದ್ದಲ್ಲ, ತಮಗೆ ತಮ್ಮದೇ ಒಂದು ಮಾತಿದೆ ಎಂಬ ಅರಿವು ತಮ್ಮ ಊರಿನವರದೇ ವಿಡಿಯೋಗಳಿಂದ ಗಟ್ಟಿಯಾಗಿದೆ. ಇವರ ಗುರುತಿಗೆ ಇಂಗ್ಲಿಷಿನ ಒತ್ತಡ ಎಷ್ಟಿದೆಯೋ ಬೆಂಗಳೂರು ಕನ್ನಡದ ಒತ್ತಡವೂ ಅಷ್ಟೇ ಇದೆ ಎಂಬುದನ್ನು ನಾವು ಮರೆಯುತ್ತೇವೆ. ಹೊನ್ನಾವರದ ಹುಡುಗ ಗೆಳೆಯನನ್ನು ‘ಮಚ್ಚಾ’ ಎನ್ನಲು ಕಲಿತದ್ದು ಇಂಗ್ಲಿಷಿನಿಂದಲ್ಲ.

ಇನ್ನು ನನ್ನ ನಿಜವಾದ ಚಿಂತೆಗೆ ಬರುತ್ತೇನೆ.

2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಅದರ ಮರುತಿಂಗಳೇ ಇನ್‌ಸ್ಟಾಗ್ರಾಂನ ರೀಲ್ಸ್ ಇಲ್ಲಿಗೆ ಬಂದವು. ಅಲ್ಲಿಂದೀಚೆಗೆ ನಮ್ಮ ಮನೆಮಾತುಗಳಲ್ಲಿ ಬರುವ ರೀಲ್ಸ್‌ಗಳನ್ನು ನಾನು ಆಸಕ್ತಿಯಿಂದ ನೋಡುತ್ತ ಬಂದಿದ್ದೇನೆ. ಅವುಗಳಲ್ಲಿ ಪ್ರತಿಭೆಯಿದೆ, ಮಾತಿನ ಚುರುಕಿದೆ. ಆದರೆ ಒಂದು ಮಾದರಿ ಮತ್ತೆ ಮತ್ತೆ ಕಾಣುತ್ತದೆ. ಮನೆಮಾತನ್ನು ಆಡುವ ಪಾತ್ರ ಅಜ್ಜನೋ ಅಮ್ಮಮ್ಮನೋ ಆಗಿರುತ್ತಾರೆ, ಪೇಟೆಯ ರೀತಿ ತಿಳಿಯದ ಮಾಣಿ ಆಗಿರುತ್ತಾನೆ. ನಗು ಅವರ ಮಾತಿನ ಮೇಲೆ ಹುಟ್ಟುತ್ತದೆ. ಅದೇ ಯುವಕ ಅಥವಾ ಯುವತಿ ಮರುದಿನ ತನ್ನ ಹೊಸ ಕೆಲಸದ ಸುದ್ದಿ ಹೇಳುವಾಗ, ಓದಿದ ಪುಸ್ತಕದ ಬಗ್ಗೆ ಬರೆಯುವಾಗ, ಯಾವುದೋ ಅನ್ಯಾಯದ ವಿರುದ್ಧ ಸಿಟ್ಟಾಗುವಾಗ ಪೂರ್ತಿ ಇಂಗ್ಲಿಷಿಗೆ ಹೊರಳುತ್ತಾರೆ. ಇಲ್ಲಿ ಬೆರಕೆ ಇಲ್ಲವೇ ಇಲ್ಲ. ಎರಡೂ ಭಾಷೆಗಳು ಶುದ್ಧವಾಗಿ ಬೇರೆ ಬೇರೆ ಕೋಣೆಗಳಲ್ಲಿವೆ. ನನಗೆ ಭಯ ಹುಟ್ಟಿಸುವುದು ಈ ಅಚ್ಚುಕಟ್ಟಾದ ವಿಂಗಡಣೆ. ಹತ್ತು ವರ್ಷದ ಮಗು ಇದನ್ನೇ ನೋಡುತ್ತ ಬೆಳೆದರೆ ತನ್ನ ಮನೆಯ ಮಾತು ನಗುವುದಕ್ಕೆ ಮಾತ್ರ ಇರುವುದೆಂದು ಯಾರೂ ಹೇಳಿಕೊಡದೆಯೇ ಕಲಿಯುತ್ತದೆ.

ಹಾಲಕ್ಕಿ ಸಮುದಾಯದ ವಿಷಯದಲ್ಲಿ ಇದು ಇನ್ನೂ ನೋವಿನ ರೂಪ ತಾಳಿದೆ. ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು, ನಮ್ಮೆಲ್ಲರ ಸುಕ್ರಜ್ಜಿ, ಬಾಯಿಪಾಠವಾಗಿ ಬಂದ ಹಾಡುಗಳ ದೊಡ್ಡ ಭಂಡಾರವಾಗಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆ ಹಾಡುಗಳು ಅವರ ಕನ್ನಡದಲ್ಲಿ ಇದ್ದವು. ಆ ಕನ್ನಡವನ್ನು ತೆಗೆದರೆ ಹಾಡು ಉಳಿಯುವುದಿಲ್ಲ. ಈಗ ಹಾಲಕ್ಕಿ ಹೆಂಗಸರ ಮಣಿಸರಗಳನ್ನೂ ಸೀರೆಯುಡುವ ರೀತಿಯನ್ನೂ ಸುಗ್ಗಿ ಕುಣಿತದ ತುರಾಯಿಗಳನ್ನೂ ತೋರಿಸುವ ವಿಡಿಯೋಗಳು ಬಹಳ ಬರುತ್ತವೆ. ಎಷ್ಟೋ ವಿಡಿಯೋಗಳಲ್ಲಿ ಅವರ ಸ್ವರವನ್ನು ತೆಗೆದು ಯಾವುದೋ ಸಿನಿಮಾದ ಸಂಗೀತ ಹಾಕಿರುತ್ತಾರೆ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ. ರೂಪ ಉಳಿಯಿತು, ದನಿ ಹೋಯಿತು. ಆ ಸಮುದಾಯದ ಕಾಲೇಜು ಹುಡುಗಿಗೆ ಅದರಿಂದ ತಿಳಿಯುವುದು ತನ್ನ ಅಜ್ಜಿಯ ಉಡುಗೆಗೆ ಬೆಲೆಯಿದೆ, ಅಜ್ಜಿಯ ಮಾತಿಗೆ ಇಲ್ಲ ಎಂದು. ವಿಡಿಯೋ ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿರಬಹುದು. ಆದರೂ ಅವರಲ್ಲಿ ನನ್ನ ವಿನಂತಿ, ದಯವಿಟ್ಟು ಹಾಡನ್ನು ಹಾಡಿದವರ ಸ್ವರದಲ್ಲಿಯೇ ಇಡಿ, ಮತ್ತು ಹಾಡಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಕನ್ನಡದಲ್ಲಿ ಬರೆಯಿರಿ.

ಗಂಭೀರವಾದದ್ದಕ್ಕೆ ಇಂಗ್ಲಿಷ್ ಎಂಬ ಭಾವನೆ ಜಾಲತಾಣದಲ್ಲಿ ಹುಟ್ಟಿದ್ದಲ್ಲ. ನಮ್ಮ ಜಿಲ್ಲೆಯ ಬಹಳ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನ ಒಮ್ಮೆಲೇ ಇಂಗ್ಲಿಷಿಗೆ ದಾಟುತ್ತಾರೆ. ಗುರುತ್ವಾಕರ್ಷಣೆ, ದ್ಯುತಿಸಂಶ್ಲೇಷಣೆ ಎಂದು ಕಲಿತದ್ದೆಲ್ಲ ಬಿಟ್ಟುಬಿಡಬೇಕಾದ ಸಾಮಾನಾಗುತ್ತದೆ. ಹದಿನಾರರ ವಯಸ್ಸಿನಲ್ಲಿ ಹೀಗೆ ಒಂದು ಭಾಷೆಯನ್ನು ತರಗತಿಯ ಹೊರಗೆ ಬಿಟ್ಟುಬಂದವರು, ಜಾಲತಾಣದಲ್ಲಿಯೂ ಆಲೋಚನೆಯ ಮಾತಿಗೆ ಅದನ್ನು ಕರೆಯದಿದ್ದರೆ ಆಶ್ಚರ್ಯವೇನು? 2019ರಿಂದ ಸರ್ಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ದಾಟುವಿಕೆ ಇನ್ನು ಆರನೆಯ ವಯಸ್ಸಿಗೇ ಆಗುತ್ತದೆ.

ಮನಸ್ಸಿನ ನೋವಿನ ವಿಷಯದಲ್ಲಿ ಇದು ಎಷ್ಟು ದೂರ ಹೋಗಿದೆ ಎಂಬುದಕ್ಕೆ ಒಬ್ಬ ವಿದ್ಯಾರ್ಥಿನಿ ಹೇಳಿದ್ದನ್ನು ಅವಳ ಒಪ್ಪಿಗೆಯಿಂದ ಹೇಳುತ್ತೇನೆ. ತನಗೇನೋ ಸರಿಯಿಲ್ಲ ಎಂದು ಅವಳಿಗೆ ತಿಳಿದದ್ದು ಇಂ‌ಗ್ಲಿಷ್ ವಿಡಿಯೋಗಳಿಂದ. ಡಿಪ್ರೆಶನ್ ಎಂಬ ಪದ ಅಲ್ಲಿಂದ ಬಂತು, ಅದು ಅವಳಿಗೆ ಉಪಕಾರವನ್ನೇ ಮಾಡಿತು. ಆದರೆ ಆಯಿಯ ಹತ್ತಿರ ಆ ಪದ ಆಡಿದಾಗ ಆಯಿ ಹೆದರಿ ಸುಮ್ಮನಾದರು. ಕೆಲವು ದಿನಗಳ ನಂತರ ಅವಳು ಪದವನ್ನು ಬದಿಗಿಟ್ಟು, ‘ಎಂತಕ್ಕೂ ಮನಸ್ಸಿಲ್ಲೆ, ಊಟ ಸೇರ್ತಿಲ್ಲೆ, ರಾತ್ರೆ ನಿದ್ದೆ ಬತ್ತಿಲ್ಲೆ’ ಎಂದಳು. ಆಯಿ ಹತ್ತಿರ ಕೂತು ಎಲ್ಲವನ್ನೂ ಕೇಳಿದರು, ಇಬ್ಬರೂ ವೈದ್ಯರಲ್ಲಿಗೆ ಹೋದರು. ವೈದ್ಯರೊಡನೆ ಮಾತಾಡುವಾಗ ಮತ್ತೆ ಇಂಗ್ಲಿಷ್ ಪದ ಬೇಕಾಯಿತು. ಇದು ಬೆರಕೆ ಭಾಷೆಯೇ, ಮತ್ತು ನಾನು ಮನಸಾರೆ ಬೆಂಬಲಿಸುವ ಬೆರಕೆ. ರೋಗಕ್ಕೆ ಹೆಸರು ಒಂದು ಭಾಷೆಯಿಂದ ಬಂತು, ನೋವಿಗೆ ಮಾತು ಇನ್ನೊಂದರಿಂದ ಬಂತು. ಯಾವುದೊಂದು ಇಲ್ಲದಿದ್ದರೂ ಅವಳು ಆಸ್ಪತ್ರೆಯ ಬಾಗಿಲಿಗೆ ತಲುಪುತ್ತಿರಲಿಲ್ಲ.

ಮನೆಮಾತು ಗಂಭೀರ ಕೆಲಸ ಮಾಡಬಲ್ಲುದು ಎಂಬುದಕ್ಕೆ ಸಾಕ್ಷಿ ಬೇಕಾದರೆ ನಿಮ್ಮ ತಂದೆಯವರ ಮೊಬೈಲನ್ನು ನೋಡಿ. ಅಡಿಕೆ ಬೆಳೆಗಾರರ ಗುಂಪುಗಳಲ್ಲಿ ಏನು ನಡೆಯುತ್ತದೆ ಎಂದು ಗಮನಿಸಿ. ಬೆಳಿಗ್ಗೆ ಎಲೆಚುಕ್ಕಿ ರೋಗ ತಗುಲಿದ ಸೋಗೆಯ ಫೋಟೋ ಬರುತ್ತದೆ. ಇದು ಯಾವ ಹಂತ, ಮದ್ದು ಈಗ ಹೊಡೆಯಬೇಕೋ ಮಳೆ ಬಿಟ್ಟ ಮೇಲೋ ಎಂಬ ಪ್ರಶ್ನೆ ಅದರ ಕೆಳಗಿರುತ್ತದೆ. ಬೋರ್ಡೋ ದ್ರಾವಣದ ಲೆಕ್ಕ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಅದನ್ನು ಯಾವ ಕ್ರಮದಲ್ಲಿ ಬೆರೆಸಬೇಕು, ಪಿ.ಎಚ್. ಎಷ್ಟಿರಬೇಕು ಎಂಬ ಚರ್ಚೆ ಹವ್ಯಕ, ಕನ್ನಡ, ಇಂಗ್ಲಿಷ್ ಮೂರೂ ಬೆರೆತ ಮಾತಿನಲ್ಲಿ ತಾಸುಗಟ್ಟಲೆ ಸಾಗುತ್ತದೆ. ಮರ ಹತ್ತುವ ಕೊನೆಗೌಡರು ಸಿಗದಿದ್ದರೆ ಉದ್ದನೆಯ ದೋಟಿಯಿಂದ ಔಷಧಿ ಹೊಡೆಯುವ ವಿಧಾನವನ್ನು ಯಾರೋ ವಿಡಿಯೋ ಮಾಡಿ ಹಾಕುತ್ತಾರೆ. 1923ರಲ್ಲಿ ಹುಟ್ಟಿದ ಇಲ್ಲಿಯ ತೋಟಗಾರ್ಸ್ ಸೇಲ್ ಸೊಸೈಟಿಯ ಆ ದಿನದ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ದರಗಳು ಸಂಜೆಗೆ ಬರುತ್ತವೆ. ಇಲ್ಲಿ ಯಾರೂ ಭಾಷೆ ಉಳಿಸುವ ಮಾತಾಡುವುದಿಲ್ಲ. ವರ್ಷದ ಬೆಳೆ ಉಳಿಸಿಕೊಳ್ಳಲು ಹೊರಟವರ ಕೈಯಲ್ಲಿ ಭಾಷೆ ತಾನಾಗಿ ಉಳಿದಿದೆ, ಬೆಳೆದೂ ಇದೆ.

ಇನ್ನೊಂದು ಸಾಕ್ಷಿ ತಾಳಮದ್ದಳೆ, ಅಂದರೆ ವೇಷ ಕುಣಿತಗಳಿಲ್ಲದೆ ಕೂತು ಹಾಡು ಮಾತುಗಳಲ್ಲಿ ನಡೆಸುವ ಯಕ್ಷಗಾನ. ಅರ್ಥ ಹೇಳುವವರು ಬರೆದುಕೊಂಡು ಬರುವುದಿಲ್ಲ. ಪದ್ಯ ಹಾಡಿ ಮುಗಿದೊಡನೆ ಆ ಹೊತ್ತಿಗೆ ಹೊಳೆದ ಮಾತಿನಲ್ಲಿ ಎದುರು ಪಾತ್ರಕ್ಕೆ ಉತ್ತರ ಕೊಡಬೇಕು. ಹಾಗೆ ತಾಸುಗಟ್ಟಲೆ ವಾದ ಮಾಡುವಾಗ ಇಂಗ್ಲಿಷ್ ಪದವೊಂದು ಜಾರಿ ಬಂದರೆ ಅದು ಲೋಪ ಎಂಬ ಕಟ್ಟುಪಾಡನ್ನು ಯಾವ ಸರ್ಕಾರವೂ ವಿಧಿಸಿಲ್ಲ, ಕಲಾವಿದರೂ ಪ್ರೇಕ್ಷಕರೂ ಸೇರಿ ಕಾಪಾಡಿಕೊಂಡು ಬಂದಿದ್ದಾರೆ. 1934ರಲ್ಲಿ ಕೆರೆಮನೆಯ ಇಡಗುಂಜಿ ಯಕ್ಷಗಾನ ಮೇಳ ಹುಟ್ಟಿದ ಈ ಜಿಲ್ಲೆಯಲ್ಲಿ ಇಂದಿಗೂ ಹೊಸ ಹುಡುಗರು ಅರ್ಥ ಹೇಳಲು ಕಲಿಯುತ್ತಿದ್ದಾರೆ. ಕೊರೋನಾ ಕಾಲದಲ್ಲಿ ತಾಳಮದ್ದಳೆಗಳು ಯೂಟ್ಯೂಬಿಗೆ ಬಂದ ಮೇಲೆ ಅವರ ಮಾತು ನಮಗೆಲ್ಲ ಇನ್ನಷ್ಟು ಸುಲಭವಾಗಿ ಸಿಗುತ್ತಿದೆ. ಹಗಲು ಕಂಪ್ಯೂಟರಿನ ಮುಂದೆ ಇಂಗ್ಲಿಷಿನಲ್ಲಿ ದುಡಿದು, ಗೆಳೆಯರೊಡನೆ ಬೆರಕೆಯಲ್ಲಿ ಹರಟಿ, ರಾತ್ರಿ ಕರ್ಣನಾಗಿ ಕೃಷ್ಣನಿಗೆ ಒಂದೂ ಪರಭಾಷೆಯ ಪದವಿಲ್ಲದೆ ಉತ್ತರಿಸುವ ಯುವಕನನ್ನು ನಾನು ಬಲ್ಲೆ. ಅವನ ಕನ್ನಡಕ್ಕೆ ಬೆರಕೆಯಿಂದ ಏನೂ ಆಗಿಲ್ಲ. ಎಲ್ಲರೂ ಅರ್ಥಧಾರಿಗಳಾಗಲಾರರು, ನಿಜ. ಆದರೆ ಒಂದೇ ನಾಲಿಗೆ ಮೂರು ಬಗೆಯ ಮಾತನ್ನು ಹೊರಬಲ್ಲುದು ಎಂಬುದಕ್ಕೆ ಈ ಜಿಲ್ಲೆಯವರು ಬೇರೆಡೆ ಉದಾಹರಣೆ ಹುಡುಕಬೇಕಾಗಿಲ್ಲ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿ ಎದ್ದು, ಗಂಭೀರ ವಿಷಯವನ್ನು ನಮ್ಮ ಮನೆಮಾತಿನಲ್ಲಿ ಹಾಕಿದರೆ ನೋಡುವವರು ಯಾರು ಸರ್ ಎಂದು ಕೇಳಿದ. ಅಲ್ಲಿ ಚುಟುಕಾಗಿ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಮ್ಮ ಕರಾವಳಿಯಲ್ಲೂ ಘಟ್ಟದಲ್ಲೂ ಬಂದರು, ನದಿ ತಿರುವು, ವಿದ್ಯುತ್ ಯೋಜನೆಗಳ ಚರ್ಚೆ ನಿತ್ಯವೂ ಇದೆ. ಅವುಗಳ ಪರ ವಿರೋಧ ಇಲ್ಲಿ ನನ್ನ ವಿಷಯವಲ್ಲ. ಇಂಥ ಯೋಜನೆಗಳ ಪರಿಸರ ಪರಿಣಾಮ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿಯೂ ಕೊಡಬೇಕೆಂದು ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಹೇಳುತ್ತದೆ. ಆದರೆ ನೂರಾರು ಪುಟಗಳ ಮೂಲ ವರದಿ ಇಂಗ್ಲಿಷಿನಲ್ಲಿರುತ್ತದೆ. ಸಮುದ್ರದ ಹೂಳೆತ್ತಿದರೆ ದಡದಿಂದ ಎಳೆಯುವ ಏಂಡಿ ಬಲೆ ಹಾಕುವ ಜಾಗಕ್ಕೆ ಏನಾಗುತ್ತದೆ ಎಂಬುದು ಆ ಪುಟಗಳ ನಡುವೆ ಎಲ್ಲೋ ಒಂದು ಕೋಷ್ಟಕದಲ್ಲಿರುತ್ತದೆ, ಮತ್ತು ಅದನ್ನು ತಿಳಿಯಬೇಕಾದ ಮೀನುಗಾರ ಹೆಂಗಸಿಗೆ ಗೊತ್ತಿರುವುದು ಕೊಂಕಣಿ ಅಥವಾ ಕರಾವಳಿಯ ಕನ್ನಡ. ಆ ಕೋಷ್ಟಕವನ್ನು ಓದಬಲ್ಲವರು ಈ ಊರಿನ ಪದವಿ ವಿದ್ಯಾರ್ಥಿಗಳು. ಹೂಳೆತ್ತುವ ಆಳ, ಲವಣಾಂಶ, ಮೀನು ಮರಿ ಮಾಡುವ ತಿಂಗಳು ಇವುಗಳನ್ನು ಬೇಕಾದಷ್ಟು ಇಂಗ್ಲಿಷ್ ಪದ ಸೇರಿಸಿಕೊಂಡೇ ಆಕೆಯ ಮಾತಿನಲ್ಲಿ ಮೂರು ನಿಮಿಷ ಹೇಳಿದರೆ ನೋಡುವವರು ಬಂದರಿನಲ್ಲಿ ಬುಟ್ಟಿ ಹಿಡಿದು ಕೂತಿದ್ದಾರೆ. ಅವರ ಕೈಯಲ್ಲೂ ಮೊಬೈಲಿದೆ. ಸಾರ್ವಜನಿಕ ಅಹವಾಲು ಸಭೆಯಲ್ಲಿ ಜನ ಎತ್ತಿದ ಪ್ರಶ್ನೆಗಳನ್ನು ಸ್ಥಳೀಯ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ದಾಖಲಿಸಬೇಕೆಂದು ಅದೇ ಅಧಿಸೂಚನೆಯಲ್ಲಿದೆ. ಆಕೆ ಎದ್ದು ನಿಂತು ತನ್ನ ಮಾತಿನಲ್ಲಿ ಕೇಳಿದ ಪ್ರಶ್ನೆ ಕಡತಕ್ಕೆ ಸೇರುತ್ತದೆ. ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಪ್ರಾಣಿಶಾಸ್ತ್ರ ಓದುತ್ತಿದ್ದಾನೆ, ಅವನ ಮನೆ ಕುಮಟೆಯ ಕಡಲಂಚಿನಲ್ಲಿದೆ. ಅಂಥ ವರದಿಗಳು ಎಲ್ಲಿ ಸಿಗುತ್ತವೆ ಎಂದು ಅವನು ಕೇಳಿದ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಭೆಗೆ ಮೊದಲೇ ನೋಡಲು ಇಟ್ಟಿರುತ್ತಾರೆ ಎಂದು ಹೇಳಿದ್ದೇನೆ.